‘ಮನಿಗೆ ಒಯ್ಯರಿ’ ಅಂದ ಮೇಲೆ: ಒಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ, ತಾಲ್ಲೂಕು ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳಿಗೆ, ಹಾಗೇ ಮನೆಯಲ್ಲಿ ಜಡ್ಡಾದವರ ಖಾಟದ ಪಕ್ಕ ರಾತ್ರಿ ಕಳೆಯುತ್ತಿರುವವರಿಗೆ,

ಮಾನ್ಯರೇ,

ನಾನು ಇಪ್ಪತ್ತೇಳು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದವಳು. ಈ ಭಾಗದ ಬೇರೆ ಬೇರೆ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡಿ, ಈಗ ನಿವೃತ್ತಳಾಗಿ ಕಲಬುರಗಿಯಲ್ಲಿದ್ದೇನೆ. “ಇನ್ನೇನೂ ಮಾಡ್ಲಿಕ್ಕೆ ಆಗಲ್ಲ, ಮನಿಗೆ ಒಯ್ಯರಿ” ಅನ್ನುವ ಮಾತನ್ನು ಡಾಕ್ಟರ ಪಕ್ಕ ನಿಂತು ಎಷ್ಟು ಸಲ ಕೇಳಿದ್ದೇನೋ, ಅವರಿಲ್ಲದಾಗ ನಾನೇ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ, ಚೀಟಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಮನೆಗೆ ಒಯ್ದ ಮೇಲೆ ಅವರು ಏನು ಮಾಡುತ್ತಾರೆ ಅಂತ ಒಮ್ಮೆಯೂ ಯೋಚಿಸಿದ್ದಿಲ್ಲ. ನಿವೃತ್ತಿಯಾದ ಮರುವರ್ಷ ನಮ್ಮ ಕಾಕಾನನ್ನು ಅದೇ ಮಾತು ಹೇಳಿ ಕಳಿಸಿದರು. ಚೀಟಿಗೆ ಸಹಿ ಹಾಕುವ ಸರದಿ ನನ್ನದಾಯಿತು.

ಕಾಕಾನಿಗೆ ಎಡಗಲ್ಲದ ಕ್ಯಾನ್ಸರ್. ನಲವತ್ತು ವರ್ಷ ತಂಬಾಕು-ಸುಣ್ಣ ತಿಕ್ಕಿ ಅದೇ ಗಲ್ಲದಲ್ಲಿ ಇಟ್ಟುಕೊಂಡ ಮನುಷ್ಯ. ಮಹಾರಾಷ್ಟ್ರದ ಬಾರ್ಶಿಯ ಕ್ಯಾನ್ಸರ್ ದವಾಖಾನೆಗೆ ಹೋಗಿ ಬಂದಾಗಿತ್ತು, ಹೈದರಾಬಾದ್‌ಗೆ ಹೋಗಿ ಬಂದಾಗಿತ್ತು, ಎರಡು ಎಕರೆ ತೊಗರಿ ಹೊಲ ಬೇರೆಯವರ ಹೆಸರಿಗೆ ಆಗಿತ್ತು. ಕೊನೆಗೆ ಒಂದು ದೊಡ್ಡ ದವಾಖಾನೆಯವರು ಮೇಲಿನ ಮಾತು ಹೇಳಿ, ಒಂದು ಪಟ್ಟಿ ಪ್ಯಾರಾಸಿಟಮಾಲ್, ಒಂದು ಪಟ್ಟಿ ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸಿದರು. ಗಲ್ಲ ತೂತಾಗಿ ಹಲ್ಲು ಕಾಣುತ್ತಿದ್ದ ಮನುಷ್ಯನಿಗೆ ಪ್ಯಾರಾಸಿಟಮಾಲ್. ಆ ದವಾಖಾನೆಯ ಹೆಸರು ಬರೆಯುವುದಿಲ್ಲ, ಬರೆದು ಪ್ರಯೋಜನವೂ ಇಲ್ಲ. ನಾನು ಕೆಲಸ ಮಾಡಿದ ಕಡೆಯೂ ಇಷ್ಟೇ ಕೊಟ್ಟು ಕಳಿಸುತ್ತಿದ್ದೆವು.

ಅಲ್ಲಿಂದ ಮುಂದೆ ಹನ್ನೊಂದು ವಾರ ಕಾಕಾ ಬದುಕಿದ. ಹನ್ನೊಂದು ವಾರ, ಮಾನ್ಯರೇ. “ಏನೂ ಮಾಡ್ಲಿಕ್ಕೆ ಆಗಲ್ಲ” ಅಂದ ಮೇಲೆ ಅಷ್ಟು ದಿನವಿತ್ತು, ಮತ್ತು ಅಷ್ಟೂ ದಿನ ಮಾಡುವ ಕೆಲಸವಿತ್ತು. ಆ ಕೆಲಸದ ಹೆಸರು ಉಪಶಾಮಕ ಆರೈಕೆ. ಪ್ಯಾಲಿಯೇಟಿವ್ ಕೇರ್ ಅಂದರೂ ಅದೇ. ರೋಗ ವಾಸಿಯಾಗದು ಅಂತ ಗೊತ್ತಾದ ಮೇಲೂ ನೋವು, ದಮ್ಮು, ವಾಂತಿ, ಮಲಬದ್ಧತೆ, ಹುಣ್ಣು, ಅಂಜಿಕೆ ಇವನ್ನೆಲ್ಲ ಒಂದೊಂದಾಗಿ ಹಿಡಿದು ಇಳಿಸುವ ವೈದ್ಯಕೀಯ. ಕ್ಯಾನ್ಸರ್‌ಗೆ ಮಾತ್ರವೂ ಅಲ್ಲ. ಕಿಡ್ನಿ ಹೋದವರಿಗೆ, ಹೃದಯ ಸೋತವರಿಗೆ, ಪುಪ್ಪುಸ ಕೆಟ್ಟು ಕೂತಲ್ಲೇ ಏದುಸಿರು ಬಿಡುವವರಿಗೆ, ಲಕ್ವಾ ಹೊಡೆದು ಮಲಗಿದವರಿಗೂ ಬೇಕಾದದ್ದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.7 ಕೋಟಿ ಜನರಿಗೆ ಇದರ ಅಗತ್ಯ ಬೀಳುತ್ತದೆ, ಸಿಗುವುದು ನೂರಕ್ಕೆ 14 ಮಂದಿಗೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕಾಕಾ ಮೊದಲ ಮೂರು ವಾರ ಉಳಿದ 86 ಮಂದಿಯಲ್ಲಿದ್ದ. ಆಮೇಲೆ ಹೇಗೋ ಆ 14ರೊಳಗೆ ನುಸುಳಿದ.

ನುಸುಳಿದ್ದು ಹೀಗೆ. ನೋವು ಅವನನ್ನು ರಾತ್ರಿ ಮಲಗಿಸುತ್ತಿರಲಿಲ್ಲ. ಗೋಡೆಗೆ ತಲೆ ಒತ್ತಿ ಕೂರುತ್ತಿದ್ದ. “ಯವ್ವಾ, ಕಿವ್ಯಾಗ ಕಾದ ಸಳಿ ಇಟ್ಟಂಗ ಆಗ್ತದ” ಅನ್ನುತ್ತಿದ್ದ. ಅಫೀಮಿನಿಂದ ತೆಗೆಯುವ, ಜೋರು ನೋವಿಗೆ ಕೊಡುವ ಮಾರ್ಫಿನ್ ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ, ನೌಕರಿಯಲ್ಲಿ ಒಮ್ಮೆಯೂ ಕೈಯಲ್ಲಿ ಹಿಡಿದಿರಲಿಲ್ಲ. ತಾಲ್ಲೂಕಿನ ಮೂರು ಔಷಧಿ ಅಂಗಡಿಗಳಲ್ಲಿ ಕೇಳಿದೆ. ಒಬ್ಬಾತ ನಾನು ಗಾಂಜಾ ಕೇಳಿದೆನೇನೋ ಅನ್ನುವ ಹಾಗೆ ಮುಖ ನೋಡಿದ. ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬಳ ಮಾತು ಹಿಡಿದು, ಎರಡು ಬಸ್ಸು ಬದಲಿಸಿ, ಅದು ಸಿಗುವ ಕಡೆ ಹೋಗಿ, ಹದಿನೈದು ದಿನಕ್ಕಾಗುವಷ್ಟು ತಂದೆ. ಬಿಳಿ, ಚಿಕ್ಕ, 10 ಮಿಲಿಗ್ರಾಮಿನ ಗುಳಿಗೆ. ಅದಕ್ಕೆ ಕೊಟ್ಟ ರೊಕ್ಕಕ್ಕಿಂತ ಬಸ್ಸಿಗೆ ಕೊಟ್ಟದ್ದು ಹೆಚ್ಚು.

ಅಲ್ಲಿನ ಡಾಕ್ಟರ್ ಅರ್ಧ ಗುಳಿಗೆಯಿಂದ ಶುರು ಮಾಡಿಸಿದರು. ನಾಲ್ಕು ತಾಸಿಗೊಮ್ಮೆ, ಗಡಿಯಾರ ನೋಡಿ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದು ಮಾತ್ರ ಎರಡರಷ್ಟು, ನಸುಕಿನಲ್ಲಿ ಎಬ್ಬಿಸುವುದು ಬೇಡ ಅಂತ. “ನೋವು ಬಂದ ಮ್ಯಾಲೆ ಕೊಡಬ್ಯಾಡ್ರಿ ಸಿಸ್ಟರ್, ಬರೋಕಿಂತ ಮೊದಲ ಕೊಡ್ರಿ. ನಡುವ ಎದ್ರ ಅದಕ್ಕ ಬ್ಯಾರೆ ಡೋಸ್ ಅದ” ಅಂದರು. ಎಷ್ಟು ಸರಳ ಮಾತು! ನಾವು ವಾರ್ಡಿನಲ್ಲಿ ಇಪ್ಪತ್ತೇಳು ವರ್ಷ ಮಾಡಿದ್ದು ಇದರ ಉಲ್ಟಾ. ರೋಗಿ ಚೀರಿದರೆ ಡೈಕ್ಲೋಫಿನಾಕ್ ಸೂಜಿ, ಚೀರದಿದ್ದರೆ ಇಲ್ಲ. ಮೂರನೇ ರಾತ್ರಿ ಕಾಕಾ ನಿದ್ದೆ ಹೋದ. ಗೊರಕೆ ಕೇಳಿ ಕಾಕು, ಅಂದರೆ ಅವನ ಹೆಂಡತಿ, ಎದ್ದು ಬಂದು, ಇದು ಗೊರಕೆಯೋ ಇನ್ನೇನೋ ಅಂತ ಅವನ ಎದೆ ಮೇಲೆ ಕೈಯಿಟ್ಟು ಒಂದು ತಾಸು ಕೂತಿದ್ದಳು.

ಇನ್ನು ನನ್ನ ತಪ್ಪು. ಈ ಪತ್ರ ಬರೆಯುವುದಕ್ಕೆ ಅದೂ ಒಂದು ಕಾರಣ. ಮಾರ್ಫಿನ್ ಜೊತೆ ಡಾಕ್ಟರ್ ಇನ್ನೊಂದು ಗುಳಿಗೆ ಬರೆದಿದ್ದರು, ಬಿಸಾಕೊಡಿಲ್, ರಾತ್ರಿ ಮಲಗುವಾಗ ಎರಡು. ಮಲ ಸಲೀಸಾಗಲಿ ಅಂತ. ಕಾಕಾ ಕುಡಿಯುವುದೇ ನಾಲ್ಕು ಚಮಚ ಅಂಬಲಿ, ಇದರಲ್ಲಿ ಸಂಡಾಸದ ಗುಳಿಗೆ ಯಾತಕ್ಕೆ ಅಂತ ನಾನೇ ಜಾಣತನ ಮಾಡಿ ಬಿಟ್ಟೆ. ಆರನೇ ದಿನ ಕಾಕಾ ಬದಲಾದ. ಹೊದಿಕೆ ಕಿತ್ತೊಗೆಯುವುದು, ಇಲ್ಲದವರನ್ನು ಕರೆಯುವುದು, ಕಾಕುಗೆ ಕೈ ಎತ್ತುವುದು. ಹೊಟ್ಟೆ ಉಬ್ಬಿತ್ತು, ವಾಂತಿಯೂ ಶುರುವಾಯಿತು. ಓಣಿಯವರು “ಆ ಗುಳಿಗಿ ತಲಿಗೆ ಏರ್ಯಾದ, ಮೊದಲು ಬಿಡಸ್ರಿ” ಅಂದರು. ನಾನು ಕ್ಯಾನ್ಸರ್ ಮೆದುಳಿಗೆ ಹೋಯಿತು ಅಂದುಕೊಂಡೆ. ಮಾರ್ಫಿನ್ ನಿಲ್ಲಿಸಿಯೂಬಿಟ್ಟೆ. ಆ ರಾತ್ರಿ ನೋವೂ ಬಂತು, ಹುಚ್ಚೂ ಹೋಗಲಿಲ್ಲ.

ಮರುದಿನ ಫೋನಿನಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: “ಸಂಡಾಸ ಆಗಿ ಎಷ್ಟು ದಿನ ಆತ್ರಿ?” ಕಾಕುಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೈಗವಸು ಹಾಕಿ ನೋಡಿದರೆ ಗುದದ್ವಾರದಲ್ಲಿ ಕಲ್ಲಿನಂತೆ ಗಟ್ಟಿ ಮಲ. ಎಣ್ಣೆ ಹಚ್ಚಿ, ಬೆರಳಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು, ಎನಿಮಾ ಕೊಟ್ಟು, ಎರಡು ತಾಸು ಹಿಡಿಯಿತು. ಸಂಜೆ ಹೊತ್ತಿಗೆ ಕಾಕಾ ತನ್ನ ಹೆಂಡತಿಯನ್ನು ಗುರುತು ಹಿಡಿದ. “ನಿನಗ ಬಡದೆನೇನ?” ಅಂತ ಕೇಳಿದ. ಮಾರ್ಫಿನ್ ಮತ್ತೆ ಶುರು ಮಾಡಿದೆ, ಈ ಸಲ ಬಿಸಾಕೊಡಿಲ್ ಸಮೇತ, ಗೋಡೆಯ ಕ್ಯಾಲೆಂಡರಿನಲ್ಲಿ ದಿನ ದಿನ ಗುರುತು ಹಾಕುತ್ತ.

ಮಾರ್ಫಿನ್‌ನಿಂದ ಬರುವ ಓಕರಿಕೆ, ಮಂಪರು ಒಂದು ವಾರದೊಳಗೆ ತಾವಾಗಿ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಕಡಿಮೆಯಾಗುವುದಿಲ್ಲ, ಗುಳಿಗೆ ಇರುವವರೆಗೂ ಇರುತ್ತದೆ. ಇದು ನರ್ಸಿಂಗ್ ಕಲಿತ ನನಗೇ ತಲೆಗೆ ಹತ್ತಿರಲಿಲ್ಲ ಅಂದ ಮೇಲೆ ಹಳ್ಳಿಯ ಸೊಸೆಗೆ ಯಾರು ಹೇಳುತ್ತಾರೆ? ರೋಗಿ ಇದ್ದಕ್ಕಿದ್ದಂತೆ ಬಡಬಡಿಸಿದರೆ, ಕೈಕಾಲು ಬಡಿದರೆ, “ಸಾವಿನ ಮುಂಚಿನದು” ಅಂತ ಕೈ ಬಿಡುವ ಮೊದಲು ನೋಡಬೇಕಾದವು ಮೂರು: ಮಲ ಕಟ್ಟಿದೆಯೇ, ಮೂತ್ರ ಕಟ್ಟಿ ಹೊಕ್ಕುಳ ಕೆಳಗೆ ಗಡ್ಡೆಯಂತಾಗಿದೆಯೇ, ಜ್ವರ ಇದೆಯೇ. ಮೂತ್ರ ತೆಗೆಯುವ ಒಂದು ಕ್ಯಾಥೆಟರ್ ನಳಿಕೆ ಹಾಕಿದೊಡನೆ ಶಾಂತವಾಗಿ ಮಲಗಿದ ಮುದುಕರನ್ನು ಆಮೇಲೆ ಕಂಡಿದ್ದೇನೆ. ಇದಾವುದೂ ಇಲ್ಲವಾದರೆ ಹೆಲೊಪೆರಿಡಾಲ್ ಅನ್ನುವ ಹಳೆಯ, ಅಗ್ಗದ ಔಷಧಿ ಇದೆ. ಸಣ್ಣ ಪ್ರಮಾಣದಲ್ಲಿ ಅದು ವಾಂತಿಗೂ ಆಗುತ್ತದೆ.

ಮಾರ್ಫಿನ್ ಬಗ್ಗೆ ಜನರ ಅಂಜಿಕೆ ನನಗೆ ಅರ್ಥವಾಗುತ್ತದೆ. ಚಟ ಹತ್ತುತ್ತದೆ ಅನ್ನುತ್ತಾರೆ. ನೋವಿಗೆ ಅಂತ, ಅಳೆದು, ಹೊತ್ತಿಗೆ ಸರಿಯಾಗಿ ಬಾಯಿಂದ ಕೊಟ್ಟವರಲ್ಲಿ ಚಟ ಹತ್ತುವುದು ಅಪರೂಪ. ಬೇಗ ಸಾಯುತ್ತಾರೆ ಅನ್ನುತ್ತಾರೆ. ಸಣ್ಣದರಿಂದ ಶುರುಮಾಡಿ ನೋಡಿ ನೋಡಿ ಏರಿಸಿದರೆ ಹಾಗಾಗುವುದಿಲ್ಲ. ಕಿಡ್ನಿ ಸೋತವರಿಗೆ ಮಾತ್ರ ಬಹಳ ಜೋಪಾನ, ಅವರ ಮೈಯಲ್ಲಿ ಅದು ಉಳಿದುಬಿಡುತ್ತದೆ. ಕೊನೆಗೆ ಕೊಡುವ ಔಷಧಿ ಅನ್ನುತ್ತಾರೆ. ಇದು ನಮ್ಮದೇ ತಪ್ಪಿನ ಫಲ. ಕೊನೆಯ ಎರಡು ದಿನಕ್ಕೆ ಮಾತ್ರ ಕೊಡುತ್ತ ಬಂದರೆ ಕೊಟ್ಟದ್ದಕ್ಕೇ ಸತ್ತರು ಅಂತ ಯಾರಾದರೂ ಅನ್ನದೆ ಇರುತ್ತಾರೆಯೇ?

ಅಧಿಕಾರಿಗಳ ಅಂಜಿಕೆ ಬೇರೆ ತರಹದ್ದು. ಲೈಸೆನ್ಸು, ರಿಜಿಸ್ಟರು, ಪೊಲೀಸು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಹಲವು ಇಲಾಖೆಗಳ ಬಾಗಿಲು ತಟ್ಟಬೇಕಿತ್ತು ಅನ್ನುವುದು ನಿಜ. ಆದರೆ 2014ರಲ್ಲಿ ಸಂಸತ್ತು ಆ ಕಾಯ್ದೆ ತಿದ್ದಿತು. ಅದರಡಿ ಕೇಂದ್ರ ಸರ್ಕಾರ ಮಾರ್ಫಿನ್ ಸೇರಿ ಆರು ಔಷಧಿಗಳನ್ನು ‘ಅಗತ್ಯ ಮಾದಕ ಔಷಧಿ’ ಅಂತ ಬೇರೆ ಮಾಡಿ, ದೇಶಕ್ಕೆಲ್ಲ ಒಂದೇ ನಿಯಮ ತಂದಿತು. ಈಗ ರಾಜ್ಯದ ಔಷಧ ನಿಯಂತ್ರಕರು ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಅಂತ ಒಪ್ಪಿದರೆ ಸಾಕು. ಬೇಕಾದದ್ದು ತರಬೇತಾದ ಒಬ್ಬ ಡಾಕ್ಟರ್, ಬೀಗದ ಒಂದು ಕಪಾಟು, ಲೆಕ್ಕದ ಒಂದು ಪುಸ್ತಕ, ವರ್ಷಕ್ಕೆಷ್ಟು ಬೇಕು ಅನ್ನುವ ಅಂದಾಜು. ಇದೇ ದೇಶ ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆಯುತ್ತದೆ, ನೀಮಚ್ ಮತ್ತು ಗಾಜೀಪುರದಲ್ಲಿ ಸರ್ಕಾರಿ ಕಾರ್ಖಾನೆ ಇಟ್ಟಿದೆ. ಅಲ್ಲಿಂದ ಹೊರಟ ಗುಳಿಗೆ ಚಿಂಚೋಳಿಗೆ, ಔರಾದಿಗೆ, ಹುಣಸಗಿಗೆ ಮುಟ್ಟುವ ದಾರಿ ಹಾಕುವುದು ನಿಮ್ಮ ಕೈಯಲ್ಲಿದೆ.

ಗಾಯದ ವಾಸನೆಯ ಮಾತಿಗೆ ಬರುತ್ತೇನೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕಾಕಾನ ಖಾಟ ಪಡಸಾಲೆಯಿಂದ ಕೊಟ್ಟಿಗೆಗೆ ಹೋಗಿತ್ತು. ಯಾರೂ ಕೆಟ್ಟವರಲ್ಲ, ಮನೆಯಲ್ಲಿ ಊಟ ಸೇರುತ್ತಿರಲಿಲ್ಲ ಅಷ್ಟೇ. ಊದುಬತ್ತಿ ಹಚ್ಚಿದರು, ಡೆಟಾಲ್ ಸುರಿದರು, ಅದು ಉರಿದು ಕಾಕಾ ಚೀರಿದ. ಡಾಕ್ಟರ್ ಹೇಳಿಕೊಟ್ಟದ್ದು ಇಷ್ಟು: ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ ಅದರಲ್ಲೇ ಗಾಯ ತೊಳೆಯಬೇಕು. ಅಂಟಿದ ಬಟ್ಟೆಯನ್ನು ಕೀಳದೆ ಅದೇ ನೀರಲ್ಲಿ ನೆನೆಸಿ ಬಿಡಿಸಬೇಕು. ಮೆಟ್ರೊನಿಡಜೋಲ್ ಗುಳಿಗೆಯನ್ನು, ಹೌದು, ಭೇದಿಗೆ ಕೊಡುವ ಅದೇ ಗುಳಿಗೆಯನ್ನು, ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಉದುರಿಸಬೇಕು. ಆ ವಾಸನೆ ಹುಟ್ಟಿಸುವುದು ಗಾಳಿ ಬೇಡದ ಬ್ಯಾಕ್ಟೀರಿಯಾ, ಈ ಗುಳಿಗೆ ಅವನ್ನೇ ಹೊಡೆಯುತ್ತದೆ. ಪಟ್ಟಿ ಕಟ್ಟಲು ಕಾಕಾನ ಹಳೆಯ ಧೋತರ ಹರಿದು, ಕುದಿಸಿ, ಬಿಸಿಲಿಗೆ ಒಣಗಿಸಿ ಇಟ್ಟೆವು. ಗಾಜ್ ಬಟ್ಟೆಯ ಖರ್ಚೂ ಉಳಿಯಿತು.

ನಾಲ್ಕನೇ ದಿನಕ್ಕೆ ವಾಸನೆ ಇಳಿಯಿತು. ಎಂಟನೇ ದಿನ ಖಾಟ ಪಡಸಾಲೆಗೆ ಬಂತು. ಮೊಮ್ಮಗಳು ಕಾಲುದೆಸೆಯಲ್ಲಿ ಕೂತು ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುವುದನ್ನು ಕಾಕಾ ಎಷ್ಟೋ ಹೊತ್ತು ನೋಡಿದ. ಅವನಿಗೆ ತಿನ್ನಲು ಆಗುತ್ತಿರಲಿಲ್ಲ. ಹುಳ ಬಿದ್ದ ಗಾಯಗಳಿಗೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಬಾಯಿಗೆ ಹಿಡಿದರೆ ಹುಳ ಹೊರಬರುತ್ತವೆ, ಚಿಮುಟದಿಂದ ತೆಗೆಯಬೇಕು. ದೇವರ ದಯೆ, ನಮಗೆ ಅದು ಬರಲಿಲ್ಲ. ಆದರೆ ಎರಡು ಓಣಿ ಆಚೆಯ ಮನೆಯೊಂದಕ್ಕೆ ಹೋಗಿ ನಾನೇ ತೆಗೆದಿದ್ದೇನೆ. ಆ ಹೆಣ್ಣುಮಗಳು ಅದುವರೆಗೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು, ವೈದ್ಯರಿಗೂ ತೋರಿಸಿರಲಿಲ್ಲ.

ಈಗ ಸಲೈನ್. ನಮ್ಮ ಕಡೆಯ ಜನರ ಜೊತೆ ಜಗಳಕ್ಕೆ ಬೀಳುವಂಥ ವಿಷಯ ಇದು, ಬಿದ್ದರೂ ಚಿಂತೆಯಿಲ್ಲ. ಜ್ವರಕ್ಕೂ ಸಲೈನ್, ಸುಸ್ತಿಗೂ ಸಲೈನ್, ಸಾಯುವವರಿಗೂ ಸಲೈನ್. “ಎರಡು ಬಾಟ್ಲಿ ಹಚ್ಚ್ರಿ ಅಕ್ಕೋರೆ, ತ್ರಾಣ ಬರ್ತದ” ಅಂತ ಬೇಡಿಕೊಂಡವರಿಗೆಲ್ಲ ನಾನು ಹಚ್ಚಿದ್ದೇನೆ. ಸಿಗದ ನರಕ್ಕೆ ಐದು ಕಡೆ ಚುಚ್ಚಿ ಹಚ್ಚಿದ್ದೇನೆ. ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಒಂದು ಜೋಳದ ರೊಟ್ಟಿಯಷ್ಟೂ ಶಕ್ತಿ ಅದರಲ್ಲಿಲ್ಲ. ಬರಿಯ ಸಲೈನ್ ಆದರೆ ಉಪ್ಪುನೀರು, ಶಕ್ತಿ ಸೊನ್ನೆ. ಕೊನೆಯ ದಿನಗಳಲ್ಲಿ ಹೃದಯ, ಕಿಡ್ನಿ ಎರಡೂ ನಿಧಾನವಾಗುತ್ತವೆ. ಹಾಕಿದ ನೀರು ಹೊರಗೆ ಹೋಗಲಾರದೆ ಕಾಲಿಗೆ ಇಳಿದು ಬಾವು ಬರುತ್ತದೆ, ಎದೆಗೆ ಇಳಿದು ದಮ್ಮು ಹೆಚ್ಚುತ್ತದೆ, ಗಂಟಲಲ್ಲಿ ಗೊರಗೊರ ಸದ್ದಾಗುತ್ತದೆ. ವಾಂತಿಭೇದಿಯಾಗಿ ನೀರು ಕಳಕೊಂಡವರಿಗೆ, ಇನ್ನೂ ದಿನಗಳಿರುವವರಿಗೆ ಸಲೈನ್ ಬೇಕೇ ಬೇಕು. ಸಾವಿನ ಹೊಸ್ತಿಲಲ್ಲಿ ಇರುವವರಿಗೆ ಅದು ಬಹುಮಟ್ಟಿಗೆ ನೆಂಟರ ಸಮಾಧಾನಕ್ಕೆ.

ನೆಂಟರ ಸಮಾಧಾನವೂ ಸಣ್ಣದಲ್ಲ ಬಿಡಿ. “ಹನಿ ನೀರು ಹಾಕ್ದೆ ಕೊಂದ್ರು” ಅಂತ ನಾಳೆ ಬೀಗರು ಅಂದರೆ ಆ ಮನೆಯವರು ಎಲ್ಲಿಗೆ ಹೋಗಬೇಕು? ಅದಕ್ಕೇ ಡಾಕ್ಟರೇ ಕೂತು ಹೇಳಬೇಕು, ಮನೆಯ ಹಿರಿಯರ ಎದುರಿಗೆ ಹೇಳಬೇಕು: ಹಸಿವು ಸತ್ತದ್ದು ರೋಗದಿಂದ, ಉಣ್ಣಿಸದ್ದರಿಂದ ರೋಗ ಬಂದದ್ದಲ್ಲ. ಬಾಯಿಗೆ ತುರುಕಿದರೆ ಗಂಟಲು ತಪ್ಪಿ ಪುಪ್ಪುಸಕ್ಕೆ ಹೋಗುತ್ತದೆ. ಬಾಯಾರಿಕೆಗೆ ಬಾಯಿ ಒದ್ದೆ ಇಟ್ಟರೆ ಸಾಕು. ಒಂದು ಲೋಟ ಕುದಿಸಿ ಆರಿದ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಬೆರಳಿಗೆ ಬಟ್ಟೆ ಸುತ್ತಿ, ಎರಡು ತಾಸಿಗೊಮ್ಮೆ ನಾಲಿಗೆ, ಒಸಡು, ಗಲ್ಲ ಒರೆಸುವುದು. ತುಟಿಗೆ ಬೆಣ್ಣೆ ಸವರುವುದು. ಬಾಯಲ್ಲಿ ಮೊಸರಿನಂಥ ಬಿಳಿ ಪದರ ಕಂಡರೆ ಅದು ಬೂಸ್ಟು, ಅದಕ್ಕೆ ಔಷಧಿ ಇದೆ, ಹಾಗೇ ಬಿಡಬಾರದು. ಈ ಕೆಲಸ ಕೊಟ್ಟರೆ ಮನೆಯವರ ಕೈಗೂ ಏನೋ ಸಿಕ್ಕಂತಾಗುತ್ತದೆ. ಸೊಸೆಯಂದಿರು ಸಲೈನ್ ಬಾಟಲಿಯ ಹನಿ ಎಣಿಸುತ್ತ ಕೂರುವುದನ್ನು ಬಿಟ್ಟು ಬಾಯಿ ಒರೆಸಲು ಮುಂದೆ ಬರುವುದನ್ನು ಕಂಡಿದ್ದೇನೆ.

ದಮ್ಮು. ಮೇ ತಿಂಗಳು, ಹೊರಗೆ 43 ಡಿಗ್ರಿ, ಒಳಗೆ ಕರೆಂಟಿಲ್ಲ, ಖಾಟದ ಸುತ್ತ ಹದಿನಾಲ್ಕು ಜನ. ಉಸಿರು ಸಿಗದವನಿಗೆ ನಾವು ಮಾಡುವ ಮೊದಲ ಉಪಕಾರ ಆ ಹದಿನಾಲ್ಕರಲ್ಲಿ ಹನ್ನೆರಡು ಜನರನ್ನು ಹೊರಗೆ ಕಳಿಸುವುದು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಕಿಟಕಿ ತೆಗೆದು, ಮುಖದ ಮೇಲೆ, ಮೂಗು-ಗಲ್ಲದ ಮೇಲೆ ಬೀಸಣಿಗೆಯಿಂದ ಗಾಳಿ ಹಾಕಬೇಕು. ಇದನ್ನು ಅಜ್ಜಿಯ ಉಪಾಯ ಅಂತ ನಗಬೇಡಿ. ಆ ಭಾಗದ ನರಕ್ಕೆ ತಂಪು ಗಾಳಿ ತಾಗಿದರೆ ಉಸಿರು ಸಾಲದು ಅನ್ನುವ ಭಾವನೆ ಇಳಿಯುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆ ಇಲ್ಲದವರಿಗೆ ಬಾಡಿಗೆಗೆ ತಂದ ಸಿಲಿಂಡರ್ ಈ ಗಾಳಿಗಿಂತ ಹೆಚ್ಚೇನೂ ಮಾಡುವುದಿಲ್ಲ. ಗಾಳಿಗೂ ಬಗ್ಗದ ದಮ್ಮಿಗೆ ಮತ್ತೆ ಅದೇ ಮಾರ್ಫಿನ್, ನೋವಿಗೆ ಕೊಡುವುದಕ್ಕಿಂತ ಸಣ್ಣ ಪ್ರಮಾಣದಲ್ಲಿ, ಡಾಕ್ಟರ್ ಹೇಳಿದಂತೆ.

ಹಾಸಿಗೆ ಹುಣ್ಣಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಹಾಸಿಗೆ ಒಣಗಿರಲಿ, ಕೆಂಪಾದ ಜಾಗ ತಿಕ್ಕಬೇಡಿ. ಗಾಯದಿಂದ ಒಮ್ಮೆಲೆ ಜೋರು ರಕ್ತ ಹೋಗುವ ಭಯವಿದ್ದರೆ ಖಾಟದ ಕೆಳಗೆ ಕಡುಕೆಂಪು ಇಲ್ಲವೆ ಕಪ್ಪು ಬಣ್ಣದ ದಪ್ಪ ಟವೆಲ್ ಇಟ್ಟಿರಿ. ಬಿಳಿ ಬಟ್ಟೆಯ ಮೇಲಿನ ರಕ್ತ ಕಂಡು ರೋಗಿಯೂ ಮನೆಯವರೂ ಎದೆಯೊಡೆದುಕೊಳ್ಳುತ್ತಾರೆ.

ಕೊನೆಯ ಎರಡು ದಿನ ಕಾಕಾ ನುಂಗುವುದನ್ನು ಬಿಟ್ಟ. ಹೊಟ್ಟೆಯ ಚರ್ಮದಡಿ ಸಣ್ಣ ಬಟರ್‌ಫ್ಲೈ ಸೂಜಿ ಇಟ್ಟು ಅದರಿಂದಲೇ ಔಷಧಿ ಕೊಟ್ಟೆ, ನರ ಹುಡುಕುವ ಗೋಜೇ ಇಲ್ಲ. ಗಂಟಲಲ್ಲಿ ಗೊರಗೊರ ಶುರುವಾದಾಗ ಮನೆಯೆಲ್ಲ ಅತ್ತಿತು. ನುಂಗಲಾರದ ಜೊಲ್ಲು ಅಲ್ಲಿ ನಿಂತು ಸದ್ದು ಮಾಡುತ್ತದೆ, ರೋಗಿಗೆ ಆಗಲೇ ಎಚ್ಚರ ಕಡಿಮೆ, ಅವನಿಗೆ ಅದರ ತ್ರಾಸ ಆಗಿರುವುದಿಲ್ಲ ಅಂತ ಒಬ್ಬೊಬ್ಬರಿಗೂ ಹೇಳಿದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದೆ, ಜೊಲ್ಲು ಕಡಿಮೆ ಮಾಡುವ ಗ್ಲೈಕೊಪಿರೊಲೇಟ್ ಸೂಜಿ ಕೊಟ್ಟೆ. ಸದ್ದು ಅರ್ಧ ಇಳಿಯಿತು. ಆಗ ಕಾಕಾನ ಮಗ 108ಕ್ಕೆ ಫೋನ್ ಮಾಡಲು ಹೊರಟಿದ್ದ. ಕಾಕು ತಡೆದಳು. “ಎಲ್ಲಿ ಒಯ್ತಿ? ಅವ್ರೇ ಮನಿಗೆ ಒಯ್ಯರಿ ಅಂದಾರಲ್ಲ” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಇದನ್ನು ದಯಾಮರಣದ ಜೊತೆ ಕಲಸಬೇಡಿ ಅಂತಲೂ ಹೇಳಬೇಕು, ಯಾಕೆಂದರೆ ಓದಿದವರೇ ಕಲಸುತ್ತಾರೆ. ವಾಸಿಯಾಗುವ ಆಸೆಯಿಲ್ಲದವರಿಗೆ ಜೀವ ಎಳೆಯುವ ಯಂತ್ರ ತೆಗೆಯುವ ಬಗ್ಗೆ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು, 2023ರ ಜನವರಿಯಲ್ಲಿ ಅದರ ವಿಧಾನ ಸರಳ ಮಾಡಿತು, 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆದೇಶ ಹೊರಡಿಸಿತು. ಪತ್ರಿಕೆಗಳ ತುಂಬ ಘನತೆಯ ಸಾವಿನ ಚರ್ಚೆ ನಡೆಯಿತು. ಒಳ್ಳೆಯದೇ. ಆದರೆ ನಮ್ಮ ಹಳ್ಳಿಗಳಲ್ಲಿ ತೆಗೆಯಲು ಯಂತ್ರವೇ ಇಲ್ಲ. ಇಲ್ಲಿ ಕೇಳುತ್ತಿರುವುದು ನಾಲ್ಕು ತಾಸಿನ ಗುಳಿಗೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲಿದೆ. ಅಲ್ಲಿಂದ ಹೊರಟ ಗುಳಿಗೆ ತಾಲ್ಲೂಕು ಆಸ್ಪತ್ರೆಯ ಬೀಗದ ಕಪಾಟಿನವರೆಗೆ ಬರಲಿ, ಪ್ರತಿ ತಾಲ್ಲೂಕಿನಿಂದ ಒಬ್ಬ ಡಾಕ್ಟರಿಗೆ, ಇಬ್ಬರು ನರ್ಸ್‌ಗಳಿಗೆ ತರಬೇತಿಯಾಗಲಿ. ಆಯುಷ್ಮಾನ್ ಭಾರತದ ಕೆಳಗೆ ಹಳ್ಳಿಯ ಕೇಂದ್ರಗಳು ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ವೃದ್ಧರ ಮತ್ತು ಉಪಶಾಮಕ ಆರೈಕೆ ಸೇರಿದೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ಬರೆದೂ ಇದೆ. ಅಲ್ಲಿನ ಸಮುದಾಯ ಆರೋಗ್ಯಾಧಿಕಾರಿ ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ಜೊತೆ ಮಲಗಿದವರ ಮನೆಗೆ ಹೋಗಲಿ. ಬಿ.ಪಿ. ನೋಡುವ ಮೊದಲು “ನಿನ್ನೆ ಸಂಡಾಸ ಆತೇನ್ರಿ” ಅಂತ ಕೇಳಲಿ.

ಇನ್ನೊಂದು. “ಮನಿಗೆ ಒಯ್ಯರಿ” ಅನ್ನುವ ಚೀಟಿಯ ಹಿಂಬದಿ ಖಾಲಿ ಇರುತ್ತದೆ. ಅಲ್ಲಿ ಅಚ್ಚು ಹಾಕಿಸಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ಗುಳಿಗೆ ಹೊತ್ತಿಗೆ ಕೊಡಿ, ಮಲದ ಗುಳಿಗೆ ಬಿಡಬೇಡಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿ, ಇಂಥ ಲಕ್ಷಣ ಕಂಡರೆ ಈ ನಂಬರಿಗೆ ಫೋನ್ ಮಾಡಿ. ಉರ್ದು, ಮರಾಠಿ, ತೆಲುಗಿನಲ್ಲೂ ಹಾಕಿಸಿ. ಗಡಿಯ ಆಳಂದ, ಬಸವಕಲ್ಯಾಣ, ಗುರುಮಠಕಲ್ ಕಡೆ ಕೆಲಸ ಮಾಡಿದವರಿಗೆ ಯಾಕೆ ಅಂತ ಗೊತ್ತು. ಫೋನ್ ಎತ್ತುವವರು ರಾತ್ರಿಯೂ ಇರಲಿ. ನೋವು ಜಾಸ್ತಿಯಾಗುವುದು ರಾತ್ರಿಯೇ.

ಕಲಿಸುವವರು ಸಾಲದಿದ್ದರೆ ನಾನು ಬರುತ್ತೇನೆ. ಗೌರವಧನ ಬೇಡ, ಬಸ್ ಚಾರ್ಜ್ ಸಾಕು. ಒಂದು ಖಾಟ, ಒಂದು ಬೊಂಬೆ, ಒಂದು ಬಕೆಟ್ ಕುದಿಸಿ ಆರಿದ ನೀರು ಇಟ್ಟಿರಿ. ಹಳೆಯ ಧೋತರ ನಾನೇ ತರುತ್ತೇನೆ. ಬೆರಳಿಂದ ಮಲ ತೆಗೆಯುವುದನ್ನು ಕಲಿಸುವಾಗ ಹೊಸ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಆಗ ನಾನು ಆ ಆರನೇ ದಿನದ ಕಥೆ ಹೇಳುತ್ತೇನೆ.

ಇತಿ,
ನಿವೃತ್ತ ಸ್ಟಾಫ್ ನರ್ಸ್
ಕಲಬುರಗಿ